ಓದುಗರ ಪ್ರಶ್ನೆ: ಹಳೆಯ ಬ್ರಿಟಿಷ್ ಬೈಕುಗಳ ಇಂಜಿನ್, ಗೇರ್‌ಬಾಕ್ಸ್

ಈ ಸಲ ಬಂದ ಪ್ರಶ್ನೆಗಳಲ್ಲಿ ಟ್ರಯಂಫ್, ನಾರ್ಟನ್, ಬಿಎಸ್‌ಎಗಳದ್ದೇ ಮೇಲುಗೈ. ಅರ್ಧಕ್ಕರ್ಧ ಪ್ರಶ್ನೆಗಳು ಸುತ್ತಿ ಬಳಸಿ ಆಯಿಲ್ ಹತ್ತಿರವೇ ಬಂದು ನಿಲ್ಲುತ್ತವೆ. ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಹದಿನೈದು ವರ್ಷ ಮೂಲೆ ಸೇರಿದ್ದ 1966ರ ಟ್ರಯಂಫ್ 650 ಕೈಗೆ ಬಂದಿದೆ. ಕಿಕ್ ಹೊಡೆದರೆ ಇಂಜಿನ್ ಸಲೀಸಾಗಿ ತಿರುಗುತ್ತದೆ, ಕಂಪ್ರೆಶನ್ ಚೆನ್ನಾಗಿದೆ. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದರೆ ಸಾಕೇ, ಇಂಜಿನ್ ಬಿಚ್ಚಲೇಬೇಕೇ?

ಇಂಜಿನ್ ಹಿಂದೆ ಯಾವಾಗ ಬಿಚ್ಚಿದ್ದರು, ಕ್ರ್ಯಾಂಕಿನೊಳಗಿನ ಸ್ಲಡ್ಜ್ ಟ್ರ್ಯಾಪ್ (ಆಯಿಲ್‌ನ ಕೊಳೆ ಹಿಡಿಯುವ ಕೊಳವೆ) ತೆಗೆದು ತೊಳೆದಿದ್ದರೇ ಎಂಬುದಕ್ಕೆ ನಂಬಬಹುದಾದ ದಾಖಲೆ ಇಲ್ಲದಿದ್ದರೆ ಬಿಚ್ಚಿ. ಕಂಪ್ರೆಶನ್ ಚೆನ್ನಾಗಿದೆ ಎಂದರೆ ರಿಂಗು, ವಾಲ್ವು ಚೆನ್ನಾಗಿವೆ ಎಂದಷ್ಟೇ ಅರ್ಥ. ಬಿಗ್‌ಎಂಡಿಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಬೇರಿಂಗಿಗೆ) ಆಯಿಲ್ ಹೋಗುತ್ತಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ.

ಈ ಇಂಜಿನ್‌ನಲ್ಲಿ ಕಾಗದದ ಫಿಲ್ಟರ್ ಇಲ್ಲ. ಟ್ಯಾಂಕಿನಲ್ಲೊಂದು, ಸಂಪಿನಲ್ಲೊಂದು ತಂತಿಜಾಲರಿ ಇದೆ, ಅವು ಕಸಕಡ್ಡಿ ತಡೆಯುತ್ತವೆಯೇ ಹೊರತು ನುಣ್ಣನೆ ಲೋಹದ ಪುಡಿ, ಮಸಿ ತಡೆಯುವುದಿಲ್ಲ. ಆ ಕೆಲಸಕ್ಕೆ ಕ್ರ್ಯಾಂಕಿನ ಜರ್ನಲ್ ಒಳಗೇ ಒಂದು ಕೊಳವೆ ಕೂರಿಸಿದ್ದಾರೆ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಆಯಿಲ್‌ನಲ್ಲಿನ ಭಾರದ ಕೊಳೆ ಹೊರಗೋಡೆಗೆ ಎಸೆಯಲ್ಪಟ್ಟು ಅಲ್ಲೇ ಅಂಟಿಕೊಳ್ಳುತ್ತದೆ, ಶುದ್ಧ ಆಯಿಲ್ ಮಾತ್ರ ಬಿಗ್‌ಎಂಡಿಗೆ ಹೋಗುತ್ತದೆ. ಉಪಾಯವೇನೋ ಚೆನ್ನಾಗಿದೆ, ಆದರೆ ಕೊಳವೆ ತುಂಬಿದ ಮೇಲೆ ಅದನ್ನು ಖಾಲಿ ಮಾಡಲು ಇಂಜಿನ್ ಪೂರ್ತಿ ಬಿಚ್ಚುವುದೊಂದೇ ದಾರಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ಕೊಳೆ ಗಟ್ಟಿಯಾಗಿ, ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆಯುವ ಹದಕ್ಕೆ ಬಂದಿರುತ್ತದೆ. ಅಂಥದ್ದರ ಮೇಲೆ ಇವತ್ತಿನ ಡಿಟರ್ಜೆಂಟ್ ಇರುವ 20ಡಬ್ಲ್ಯು-50 ಹಾಕಿದರೆ ಕೊಳೆ ಚೂರುಚೂರಾಗಿ ಬಿಟ್ಟು ಬಿಗ್‌ಎಂಡಿನ ತೂತಿಗೆ ಸಿಕ್ಕಿಕೊಳ್ಳಬಹುದು.

ಆಯಿಲ್ ಪ್ರೆಶರ್ ಗೇಜ್ ನೋಡಿ ಸಮಾಧಾನ ಪಡಬೇಡಿ. ಗೇಜ್ ಇರುವುದು ಕ್ರ್ಯಾಂಕಿಗಿಂತ ಮುಂಚೆ. ಟ್ರ್ಯಾಪ್ ಕಟ್ಟಿಕೊಂಡಿದ್ದರೆ ಆಯಿಲ್ ಮುಂದೆ ಹೋಗಲಾಗದೆ ಗೇಜಿನಲ್ಲಿ ಪ್ರೆಶರ್ ಇನ್ನೂ ಚೆನ್ನಾಗಿಯೇ ಕಾಣುತ್ತದೆ.

ಕ್ರ್ಯಾಂಕ್ ಹೊರಬಂದ ಮೇಲೆ ಮಾಡಬೇಕಾದ್ದು ಹೀಗೆ. ಟ್ರ್ಯಾಪ್ ಪ್ಲಗ್ ತಿರುಗದಂತೆ ಅದರ ಅಂಚಿಗೆ ಸೆಂಟರ್ ಪಂಚ್‌ನಿಂದ ಹೊಡೆದಿರುತ್ತಾರೆ. ಆ ಗುರುತನ್ನು ಸಣ್ಣ ಡ್ರಿಲ್‌ನಿಂದ ಮೇಲುಮೇಲೆ ತೆಗೆಯಿರಿ, ಪ್ಲಗ್ ಸುತ್ತ ಗ್ಯಾಸ್ ಟಾರ್ಚ್‌ನಿಂದ ಬಿಸಿ ಮಾಡಿ, ಪ್ಲಗ್‌ನ ಸೀಳಿಗೆ ಪೂರ್ತಿ ಕೂರುವಂತೆ ತೇದ ಬಿಟ್ ಹಾಕಿ ಇಂಪ್ಯಾಕ್ಟ್ ಡ್ರೈವರಿನಿಂದ ಹೊಡೆದು ಸಡಿಲಿಸಿ. ಪ್ಲಗ್ ಬಂದರೂ ಕೊಳವೆ ಬರುವುದಿಲ್ಲ. ಫ್ಲೈವೀಲ್ ಬೋಲ್ಟುಗಳಲ್ಲಿ ಒಂದರ ತುದಿ ಕೊಳವೆಯ ತೂತಿನೊಳಗೆ ಹೊಕ್ಕಿರುತ್ತದೆ. ಅದನ್ನು ಮೊದಲು ತೆಗೆಯದೆ ಕೊಳವೆ ಎಳೆದು ಹರಿದವರು ಬಹಳ. ಬೋಲ್ಟ್ ತೆಗೆದ ಮೇಲೆ ಕೊಳವೆಯ ಬಾಯಿಗೆ ಅಳತೆಯ ಟ್ಯಾಪ್ ತಿರುಗಿಸಿ ಹಿಡಿತ ಸಿಕ್ಕಮೇಲೆ ನೇರವಾಗಿ ಎಳೆಯಿರಿ. ಆಮೇಲೆ ಕ್ರ್ಯಾಂಕಿನ ಪ್ರತಿಯೊಂದು ಆಯಿಲ್ ದಾರಿಗೂ ತಂತಿ ಬ್ರಶ್, ಸೀಮೆಎಣ್ಣೆ, ಕಂಪ್ರೆಸರ್ ಗಾಳಿ, ಮೂರೂ ಆಗಬೇಕು.

ಜೋಡಿಸುವಾಗ ಕೊಳವೆಯ ತೂತು ಬೋಲ್ಟಿನ ತೂತಿಗೆ ಎದುರಾಗಿದೆಯೇ ನೋಡಿ. ಫ್ಲೈವೀಲ್ ಬೋಲ್ಟಿಗೆ ಥ್ರೆಡ್‌ಲಾಕರ್ ಹಾಕಿ 33 ಪೌಂಡ್-ಅಡಿ, ಅಂದರೆ ಸುಮಾರು 45 ನ್ಯೂಟನ್ ಮೀಟರ್ ಬಿಗಿ ಕೊಡಿ. ಪ್ಲಗ್‌ಗೂ ಥ್ರೆಡ್‌ಲಾಕರ್ ಹಾಕಿ, ಮತ್ತೆ ಪಂಚ್ ಹೊಡೆಯಿರಿ. ಕ್ರ್ಯಾಂಕ್‌ಕೇಸ್ ಮುಚ್ಚುವ ಮೊದಲು ಆಯಿಲ್‌ಕ್ಯಾನ್‌ನಿಂದ ಟೈಮಿಂಗ್ (ಕ್ಯಾಮ್ ಗೇರುಗಳಿರುವ) ಬದಿಯ ತೂತಿಗೆ ಆಯಿಲ್ ಒತ್ತಿ ಎರಡೂ ಬಿಗ್‌ಎಂಡಿನಲ್ಲಿ ಜಿನುಗುವವರೆಗೆ ಬಿಡಬೇಡಿ. ಒಂದರಲ್ಲಿ ಮಾತ್ರ ಬಂದರೆ ಇನ್ನೂ ಕೊಳೆ ಉಳಿದಿದೆ ಎಂದರ್ಥ.

ಟೈಮಿಂಗ್ ಕವರಿನಲ್ಲಿ ಕ್ರ್ಯಾಂಕ್ ತುದಿಗೆ ಕೂರುವ ಸಣ್ಣ ಆಯಿಲ್ ಸೀಲನ್ನು ಹೊಸದು ಹಾಕಿ. ಕವರ್ ಮುಚ್ಚುವಾಗ ಅದರ ತುಟಿ ಮಗುಚಿದರೆ ಪಂಪಿನಿಂದ ಬಂದ ಆಯಿಲ್ ಅಲ್ಲೇ ಸೋರಿ ಹೋಗುತ್ತದೆ. ಎಲ್ಲ ಸರಿಯಿದ್ದರೆ ಇಂಜಿನ್ ಬಿಸಿಯಾದ ಮೇಲೆ ಓಡುವಾಗ 65ರಿಂದ 80 ಪಿಎಸ್‌ಐ, ಐಡಲಿಂಗ್‌ನಲ್ಲಿ 20ರಿಂದ 25 ಪಿಎಸ್‌ಐ ಬರಬೇಕು.

ಪ್ರಶ್ನೆ: ನಟ್ಟಿನ ತಲೆಗೆ 13ರ ಸ್ಪ್ಯಾನರ್ ಹೋಗುವುದೇ ಇಲ್ಲ, 14 ಹಾಕಿದರೆ ಜಾರುತ್ತದೆ. ಇಂಚಿನ ಸೆಟ್‌ನಲ್ಲೂ ಸರಿಯಾದ್ದು ಸಿಗಲಿಲ್ಲ.

ನಿಮ್ಮ ಹತ್ತಿರ ಇರುವ ಇಂಚಿನ ಸೆಟ್ ಎಎಫ್ ಅಳತೆಯದ್ದು, ಅಂದರೆ ನಟ್ಟಿನ ಅಗಲದ ಲೆಕ್ಕದ್ದು. ನಿಮಗೆ ಬೇಕಾದ್ದು ಹಳೆಯ ಬ್ರಿಟಿಷ್ ಅಳತೆಯಾದ ವಿಟ್‌ವರ್ತ್. ವಿಟ್‌ವರ್ತ್ ಸ್ಪ್ಯಾನರಿನ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪ ಹೇಳುತ್ತದೆ, ನಟ್ಟಿನ ಅಗಲವನ್ನಲ್ಲ. 1/4 ವಿಟ್‌ವರ್ತ್ ಎಂದು ಬರೆದಿರುವುದರ ಬಾಯಿ 13.3 ಮಿ.ಮೀ. ಇರುತ್ತದೆ, ಅದೇ ಸ್ಪ್ಯಾನರ್ 5/16 ಬಿಎಸ್‌ಎಫ್ (ಬ್ರಿಟಿಷ್ ನುಣ್ಣನೆ ಥ್ರೆಡ್ಡಿನ) ಬೋಲ್ಟಿಗೂ ಆಗುತ್ತದೆ. 3/16ರದ್ದು 11.3, 5/16ರದ್ದು 15.2 ಮಿ.ಮೀ. ಈ ಮೂರು ಇದ್ದರೆ ಇಂಜಿನ್ನಿನ ಹೆಚ್ಚಿನ ಕೆಲಸ ಮುಗಿಯುತ್ತದೆ.

ತಲೆಗಿಂತ ಥ್ರೆಡ್ಡಿನ ತಂಟೆ ದೊಡ್ಡದು. ಬೈಕುಗಳಲ್ಲಿ ಜಾಸ್ತಿ ಬಳಸಿದ್ದು ಸಿಇಐ ಎಂಬ ಸೈಕಲ್ ಥ್ರೆಡ್: ಬಹುತೇಕ ಅಳತೆಗಳಲ್ಲಿ ಇಂಚಿಗೆ 26 ಸುತ್ತು, 60 ಡಿಗ್ರಿ ಕೋನ. 1/4 ಬಿಎಸ್‌ಎಫ್‌ಗೂ ಇಂಚಿಗೆ 26 ಸುತ್ತೇ, ಆದರೆ ಕೋನ 55 ಡಿಗ್ರಿ. ಹಾಗಾಗಿ ಒಂದು ಇನ್ನೊಂದಕ್ಕೆ ತಿರುಗಿ ಒಳಗೆ ಹೋದಂತೆ ಮಾಡಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಬಲ ಹಾಕಿದರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋಯಿತು. 5/16 ಸಿಇಐ ತೂತಿಗೆ 1 ಮಿ.ಮೀ. ಪಿಚ್ಚಿನ ಎಂ8 ಬೋಲ್ಟ್ ತುರುಕುವುದೂ ಇದೇ ಜಾತಿಯ ತಪ್ಪು. 1960ರ ದಶಕದ ಕೊನೆಯಲ್ಲಿ ಟ್ರಯಂಫ್, ಬಿಎಸ್‌ಎ ಎರಡೂ ಹಂತಹಂತವಾಗಿ ಯುಎನ್‌ಎಫ್ (ಇಂಚಿನ ಯುನಿಫೈಡ್) ಥ್ರೆಡ್ಡಿಗೆ ಬದಲಾದವು, ಆ ಕಾಲದ ಗಾಡಿಯಲ್ಲಿ ಎರಡೂ ಬಗೆ ಒಂದೇ ಇಂಜಿನ್ನಿನಲ್ಲಿ ಸಿಗಬಹುದು. ಥ್ರೆಡ್ ಗೇಜ್ ಇಟ್ಟುಕೊಳ್ಳಿ. ಕೈಬೆರಳಿನಿಂದಲೇ ಕೊನೆತನಕ ತಿರುಗದ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ.

ಪ್ರಶ್ನೆ: ನಾರ್ಟನ್ ಕಮಾಂಡೊ 850 ಓಡಿಸುವಾಗ ಕಿಕ್ಕರ್ ಲಿವರ್ ಆಗಾಗ ತಾನಾಗಿಯೇ ಸ್ವಲ್ಪ ಕೆಳಗಿಳಿಯುತ್ತದೆ. ಸ್ಪ್ರಿಂಗ್ ಬದಲಿಸಿದರೂ ಹೋಗಿಲ್ಲ.

ಗಾಡಿ ನಿಲ್ಲಿಸಿ. ಗೇರ್‌ಬಾಕ್ಸ್ ಬಿಚ್ಚುವವರೆಗೆ ಓಡಿಸಬೇಡಿ. ಇದು ಸ್ಪ್ರಿಂಗಿನ ದೋಷವಲ್ಲ, ಲೇಶಾಫ್ಟ್ (ಗೇರ್‌ಬಾಕ್ಸಿನ ಎರಡನೇ ಶಾಫ್ಟ್) ಬೇರಿಂಗ್ ಸಾಯುತ್ತಿರುವ ಸೂಚನೆ. ಲೇಶಾಫ್ಟಿನ ಎಡತುದಿ ಗೇರ್‌ಬಾಕ್ಸ್ ಶೆಲ್ಲಿನಲ್ಲಿ ಕೂತ ಒಂದು ಬಾಲ್ ಬೇರಿಂಗಿನ ಮೇಲೆ ನಿಂತಿದೆ, ಬಲತುದಿಗೆ ಕಿಕ್ಕರ್ ಶಾಫ್ಟಿನೊಳಗಿನ ಬುಷ್ ಆಸರೆ. ಎಡಗಡೆ ಬೇರಿಂಗಿನ ಕೇಜ್ ಒಡೆದರೆ ಶಾಫ್ಟ್ ಓರೆಯಾಗಿ ಕಿಕ್ಕರ್ ಶಾಫ್ಟನ್ನು ತನ್ನ ಜೊತೆ ಎಳೆಯತೊಡಗುತ್ತದೆ, ಲಿವರ್ ಅಲುಗುತ್ತದೆ. ಅದರ ಮುಂದಿನ ಹಂತ ಗೇರ್‌ಬಾಕ್ಸ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಳ್ಳುವುದು.

ಇನ್ನೊಂದು ಗುರುತು ಹೇಳುತ್ತೇವೆ. ಒಂದು, ಎರಡು, ಮೂರನೇ ಗೇರಿನಲ್ಲಿ ಗೊರಗೊರ ಸದ್ದು, ನಾಲ್ಕಕ್ಕೆ ಹಾಕಿದಾಗ ಸದ್ದು ಬಹಳ ಕಡಿಮೆ ಆದರೆ ಅನುಮಾನವೇ ಬೇಡ. ನಾಲ್ಕನೇ ಗೇರಿನಲ್ಲಿ ಬಲ ಮೇನ್‌ಶಾಫ್ಟಿನಿಂದ ನೇರವಾಗಿ ಹೋಗುವುದರಿಂದ ಲೇಶಾಫ್ಟಿನ ಮೇಲೆ ಭಾರ ಬೀಳುವುದಿಲ್ಲ.

ಗೇರ್‌ಬಾಕ್ಸನ್ನು ಫ್ರೇಮಿನಿಂದ ಇಳಿಸದೆಯೇ ಈ ಕೆಲಸ ಆಗುತ್ತದೆ. ಪ್ರೈಮರಿ (ಇಂಜಿನ್ನಿನಿಂದ ಕ್ಲಚ್ಚಿಗೆ ಬಲ ಒಯ್ಯುವ ಚೈನಿನ) ಕವರ್ ನಡುವಿನ ಒಂದೇ ನಟ್ಟಿನ ಮೇಲೆ ನಿಂತಿದೆ, ಅದನ್ನು ತೆಗೆದು ಕ್ಲಚ್ ಇಳಿಸಿ. ಕ್ಲಚ್ಚಿನ ಡಯಾಫ್ರಮ್ ಸ್ಪ್ರಿಂಗ್ ಬಹಳ ಬಿಗಿ, ಅದನ್ನು ಒತ್ತಿ ಹಿಡಿಯುವ ಟೂಲ್ ಇಲ್ಲದೆ ಸರ್ಕ್ಲಿಪ್ ಬಿಚ್ಚಿದರೆ ಸ್ಪ್ರಿಂಗ್ ಎಗರಿ ಕೈಮುಖ ಮುರಿಯುತ್ತದೆ. ಆಮೇಲೆ ಬಲಗಡೆಯಿಂದ ಹೊರ ಕವರ್, ಒಳ ಕವರ್, ಸೆಲೆಕ್ಟರ್ ಫೋರ್ಕು, ಶಾಫ್ಟುಗಳು ಹೊರಬರುತ್ತವೆ. ಕ್ಯಾಮ್‌ಪ್ಲೇಟನ್ನು ಅಲುಗಿಸಬೇಡಿ, ಅಲುಗಿಸಿದರೆ ಗೇರ್ ಹೊಂದಿಸುವ ಕೆಲಸ ಮೊದಲಿನಿಂದ ಶುರುವಾಗುತ್ತದೆ.

ಬೇರಿಂಗ್ ಕೂತ ಗೂಡು ಹಿಂದುಗಡೆ ಮುಚ್ಚಿದೆ, ಹೊಡೆದು ತೆಗೆಯಲು ಜಾಗವಿಲ್ಲ. ಶೆಲ್ಲನ್ನು ಹಾಟ್ ಏರ್ ಗನ್‌ನಿಂದ ನೀರು ಹಾಕಿದರೆ ಚುಂಯ್ ಎನ್ನುವಷ್ಟು ಬಿಸಿ ಮಾಡಿ, ಒಳಗಿನಿಂದ ಹಿಡಿದು ಎಳೆಯುವ ಪುಲ್ಲರ್ ಹಾಕಿ. ಬೇರಿಂಗ್ ಒಡೆದಿದ್ದು ಹೊರಸುತ್ತು ಮಾತ್ರ ಉಳಿದಿದ್ದರೂ ಈ ಬಿಸಿಗೆ ಸಡಿಲಾಗುತ್ತದೆ. ಅದರ ಜಾಗಕ್ಕೆ ಮತ್ತೆ ಬಾಲ್ ಬೇರಿಂಗ್ ಹಾಕುವುದಕ್ಕಿಂತ ಅದೇ 17, 40, 12 ಮಿ.ಮೀ. ಅಳತೆಯ ಎನ್‌ಜೆ203 ರೋಲರ್ ಬೇರಿಂಗ್ ಹಾಕಿ. ಲೇಶಾಫ್ಟಿನ ಮೇಲೆ ಬೀಳುವುದು ಅಡ್ಡಬಲ, ಅದನ್ನು ರೋಲರ್ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಬಾಲ್ ಬೇರಿಂಗಿನ ಹಾಗೆ ಇದು ಶಾಫ್ಟನ್ನು ಎರಡೂ ಕಡೆಗೆ ಹಿಡಿದು ನಿಲ್ಲಿಸುವುದಿಲ್ಲ. ಹಾಗಾಗಿ ಒಳ ಕವರ್ ಮುಚ್ಚಿ ಉದ್ದಕ್ಕೆ ಎಷ್ಟು ಸಡಿಲ ಉಳಿದಿದೆ ಎಂದು ಅಳೆದು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಬೇಕು. ಶಿಮ್ ಜಾಸ್ತಿಯಾಗಿ ಶಾಫ್ಟ್ ಬಿಗಿದರೆ ಹೊಸ ಬೇರಿಂಗೂ ಹಳೆಯದರ ದಾರಿ ಹಿಡಿಯುತ್ತದೆ. ಗ್ಯಾಸ್ಕೆಟ್ ಹಾಕಿಯೇ ಅಳೆಯಿರಿ.

ಕಿಕ್ಕರ್ ಶಾಫ್ಟಿನ ಬುಷ್ ಕೂಡ ನೋಡಿ. ಒಂದು ತುದಿ ಹೊಸದು, ಇನ್ನೊಂದು ತುದಿ ಸವೆದದ್ದು ಎಂದಾದರೆ ಶಾಫ್ಟ್ ಓರೆಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ಗೇರ್‌ಬಾಕ್ಸಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಬಹುದೇ? ಡಬ್ಬದ ಮೇಲೆ ಇಪಿ90 ಎಂದೇ ಇದೆ.

ಬೇಡ, ಜಿಎಲ್-4 ಹಾಕಿ. ಈ ಗೇರ್‌ಬಾಕ್ಸುಗಳಲ್ಲಿ ಕಂಚಿನ ಬುಷ್ ತುಂಬ ಇವೆ. ಜಿಎಲ್-5ರಲ್ಲಿ ಗಂಧಕ ಸೇರಿದ ಸಂಯುಕ್ತಗಳ ಪ್ರಮಾಣ ಹೆಚ್ಚು, ಬಿಸಿಯಲ್ಲಿ ಅವು ಕಂಚನ್ನು ತಿನ್ನಬಲ್ಲವು. ಹಳೆಯ ಬರ್ಮನ್ ಗೇರ್‌ಬಾಕ್ಸ್ ಇದ್ದರೆ ಅದರ ಲೆಕ್ಕವೇ ಬೇರೆ: ಅವುಗಳಲ್ಲಿ ಹಲವಕ್ಕೆ ತೆಳು ಗ್ರೀಸ್ ಹಾಕುತ್ತಿದ್ದರು, ಸೀಲುಗಳೂ ಅದಕ್ಕೆ ತಕ್ಕ ಹಾಗೇ ಇವೆ. ಬರೀ ಆಯಿಲ್ ತುಂಬಿದರೆ ಬೆಳಗಾಗುವುದರೊಳಗೆ ನೆಲದ ಮೇಲಿರುತ್ತದೆ.

ಪ್ರಶ್ನೆ: ಎರಡು ವಾರ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ದಟ್ಟ ಬಿಳಿಹೊಗೆ. ಆಯಿಲ್ ಟ್ಯಾಂಕ್ ನೋಡಿದರೆ ಅರ್ಧ ಖಾಲಿ. ರಿಂಗ್ ಹೋಗಿದೆ ಎನ್ನುತ್ತಾರೆ.

ಐದು ನಿಮಿಷ ಓಡಿದ ಮೇಲೆ ಹೊಗೆ ನಿಂತು ಟ್ಯಾಂಕ್ ಮತ್ತೆ ತುಂಬುತ್ತದೆಯೇ? ಹಾಗಾದರೆ ರಿಂಗ್ ಹೋಗಿಲ್ಲ, ಆಯಿಲ್ ಪಂಪ್ ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿದಿದೆ. ಟ್ಯಾಂಕ್ ಎತ್ತರದಲ್ಲಿದೆ, ಇಂಜಿನ್ ಕೆಳಗಿದೆ, ನಡುವೆ ಪಂಪೊಂದೇ ತಡೆ. ಪಂಪ್ ಎಷ್ಟು ಸವೆದಿದೆ ಎಂಬುದರ ಮೇಲೆ ಇಳಿಯುವ ವೇಗ. ತಿಂಗಳಿಗೆ ಅರ್ಧ ಟ್ಯಾಂಕ್ ಇಳಿದರೆ ಸಹಿಸಿಕೊಳ್ಳಬಹುದು, ಒಂದು ರಾತ್ರಿಗೇ ಇಳಿದರೆ ಪಂಪ್ ಕೈಗೆ ತೆಗೆದುಕೊಳ್ಳಿ.

ನಾರ್ಟನ್, ಬಿಎಸ್‌ಎ ಟ್ವಿನ್‌ಗಳದ್ದು ಗೇರ್ ಪಂಪ್. ಅದರಲ್ಲಿ ಸವೆಯುವುದು ಬಹುಮಟ್ಟಿಗೆ ಗೇರುಗಳ ಪಕ್ಕದ ಸಂದು. ದಪ್ಪ ಗಾಜಿನ ಮೇಲೆ 600ರ ಎಮರಿ ಕಾಗದವಿಟ್ಟು, ಆಯಿಲ್ ಹಾಕಿ ಪಂಪಿನ ಬಾಡಿಯ ಮುಖವನ್ನು ಎಂಟರ ಆಕಾರದಲ್ಲಿ ಉಜ್ಜಿ. ಎರಡು ಸಲ ಉಜ್ಜಿ, ತೊಳೆದು, ಜೋಡಿಸಿ ತಿರುಗಿಸಿ ನೋಡಿ, ಮತ್ತೆ ಉಜ್ಜಿ. ಕೈಯಲ್ಲಿ ತಿರುಗಿಸಿದಾಗ ತುಸು ಬಿಗಿ ಎನಿಸಬೇಕು, ಎಲ್ಲೂ ಕಚ್ಚಬಾರದು. ಒಂದು ಕಡೆ ಹೆಚ್ಚು ಉಜ್ಜಿದರೆ ಸರಿಪಡಿಸುವುದು ಕಷ್ಟ, ಅವಸರ ಬೇಡ.

ಟ್ರಯಂಫ್‌ನದ್ದು ಪ್ಲಂಜರ್ ಪಂಪ್. ಅಲ್ಲಿ ಸವೆತಕ್ಕಿಂತ ಬಾಲ್ ವಾಲ್ವಿನ ಕೆಳಗೆ ಸಿಕ್ಕಿಕೊಂಡ ಒಂದು ಕಣವೇ ಸಾಕು. ಪ್ಲಗ್ ಬಿಚ್ಚಿ ಬಾಲ್, ಸ್ಪ್ರಿಂಗ್ ತೆಗೆದು ತೊಳೆಯಿರಿ. ಬಾಲನ್ನು ಸೀಟಿನ ಮೇಲಿಟ್ಟು ಹಿತ್ತಾಳೆ ಸರಳಿನಿಂದ ಒಂದೇ ಒಂದು ಮೃದು ಪೆಟ್ಟು ಕೊಟ್ಟರೆ ಹೊಸ ಸೀಟ್ ಮೂಡುತ್ತದೆ. ಆಮೇಲೆ ಆ ಬಾಲ್ ಎಸೆದು ಹೊಸದು ಹಾಕಿ.

ಟ್ಯಾಂಕಿನಿಂದ ಬರುವ ಪೈಪಿಗೆ ನಲ್ಲಿ ಹಾಕಿಸುವ ಚಾಳಿಯೊಂದಿದೆ. ನಲ್ಲಿ ತೆರೆಯುವುದು ಮರೆತು ಹೊರಟರೆ ಬಿಗ್‌ಎಂಡ್ ಉಳಿಯುವುದಿಲ್ಲ. ಹಾಕಲೇಬೇಕೆಂದಿದ್ದರೆ ನಲ್ಲಿ ಮುಚ್ಚಿದಾಗ ಇಗ್ನಿಶನ್ ಕಡಿಯುವ ಸ್ವಿಚ್ ಅದಕ್ಕೇ ಜೋಡಿಸಿ. ಸ್ಪ್ರಿಂಗ್ ಬಾಲ್ ಇರುವ ತಡೆವಾಲ್ವ್ ಕೂಡ ನಮಗೆ ಇಷ್ಟವಿಲ್ಲ: ಪಂಪಿಗೆ ಎಳೆಯುವ ಕಡೆ ಯಾವ ಅಡ್ಡಿಯೂ ಇರಬಾರದು.

ಪ್ರಶ್ನೆ: ಆಯಿಲ್ ಫಿಲ್ಟರ್ ಹಾಕಿಸಬೇಕೆಂದಿದ್ದೇನೆ. ಎಲ್ಲಿ ಹಾಕಬೇಕು?

ಮೇಲಿನ ಉತ್ತರದ ಕೊನೆಯ ಮಾತೇ ಇದಕ್ಕೂ. ರಿಟರ್ನ್ ಪೈಪಿಗೆ, ಅಂದರೆ ಇಂಜಿನ್ನಿನಿಂದ ಟ್ಯಾಂಕಿಗೆ ವಾಪಸು ಹೋಗುವ ದಾರಿಗೆ ಹಾಕಿ. ಬೈಪಾಸ್ ವಾಲ್ವ್ ಇರುವ ಕಾರಿನ ಸ್ಪಿನ್-ಆನ್ ಫಿಲ್ಟರ್ ಸಾಕು. ಫಿಲ್ಟರ್ ಕಟ್ಟಿಕೊಂಡರೂ ಆಯಿಲ್ ಟ್ಯಾಂಕ್ ಸೇರಬೇಕು. ರಾಕರಿಗೆ (ವಾಲ್ವ್ ಒತ್ತುವ ಸನ್ನೆಗೆ) ಹೋಗುವ ಆಯಿಲ್ ರಿಟರ್ನ್ ಪೈಪಿನಿಂದ ಕವಲೊಡೆಯುವ ಗಾಡಿಗಳಲ್ಲಿ ಕವಲಿಗಿಂತ ಮುಂಚೆಯೇ ಫಿಲ್ಟರ್ ಬರಲಿ, ರಾಕರಿಗೂ ಶುದ್ಧ ಆಯಿಲ್ ಸಿಗುತ್ತದೆ. ಹಾಕಿದ ಮೊದಲ ಸಲ ಫಿಲ್ಟರ್ ತುಂಬಲು ಹಿಡಿಯುವಷ್ಟು ಆಯಿಲ್ ಟ್ಯಾಂಕಿಗೆ ಸೇರಿಸುವುದು ಮರೆಯಬೇಡಿ.

ಪ್ರಶ್ನೆ: ಟ್ರಯಂಫ್ ಬಾನವಿಲ್, ಮೂರು ಸ್ಪ್ರಿಂಗಿನ ಕ್ಲಚ್. ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದರೆ ಧಡ್ ಎಂದು ಹಾರುತ್ತದೆ, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಹೊಸ ಪ್ಲೇಟ್ ಹಾಕಿಸಿದ್ದಾಗಿದೆ.

ಹೊಸ ಪ್ಲೇಟಿನಿಂದ ಹೋಗುವ ಕಾಯಿಲೆ ಇದಲ್ಲ. ಪ್ರೆಶರ್ ಪ್ಲೇಟ್ ನೇರವಾಗಿ ಏಳದೆ ಒಂದು ಬದಿಗೆ ವಾಲಿ ಏಳುತ್ತಿದೆ. ಹಾಗಾದಾಗ ಇನ್ನೊಂದು ಬದಿಯ ಪ್ಲೇಟುಗಳು ಬಿಡುವುದೇ ಇಲ್ಲ.

ಪ್ರೈಮರಿ ಕವರ್ ತೆಗೆದು, ಮೂರು ಸ್ಪ್ರಿಂಗ್ ನಟ್ಟುಗಳನ್ನು ಸ್ಟಡ್ಡಿನ ತುದಿಗೆ ಸಮನಾಗುವಂತೆ ತಿರುಗಿಸಿ, ಅಲ್ಲಿಂದ ಶುರು ಮಾಡಿ. ನಟ್ಟಿನ ಕೆಳಗೆ ಸಣ್ಣ ಗುಬುಟು ಇದೆ, ಅದು ಸ್ಪ್ರಿಂಗಿನ ತುದಿಗೆ ತಗುಲಿ ನಟ್ಟು ಸಡಿಲಾಗದಂತೆ ಹಿಡಿಯುತ್ತದೆ. ಹಿಂದಕ್ಕೆ ತಿರುಗಿಸಬೇಕಾದರೆ ಸ್ಕ್ರೂಡ್ರೈವರಿನಿಂದ ಸ್ಪ್ರಿಂಗನ್ನು ತುಸು ಒತ್ತಿ ತಿರುಗಿಸಿ. ಈಗ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಲಿವರ್ ಹಿಡಿದು, ಇನ್ನೊಬ್ಬರಿಂದ ಕಿಕ್ಕರ್ ನಿಧಾನಕ್ಕೆ ಒತ್ತಿಸಿ ಪ್ಲೇಟ್ ತಿರುಗುವುದನ್ನು ಪಕ್ಕದಿಂದ ನೋಡಿ. ಯಾವ ಬದಿ ಹೆಚ್ಚು ಹೊರಗೆ ಬರುತ್ತದೋ ಆ ಬದಿಯ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿ. ಮತ್ತೆ ನೋಡಿ. ಪ್ಲೇಟ್ ಓಲಾಡದೆ ತಿರುಗುವವರೆಗೆ ಇಷ್ಟೇ ಕೆಲಸ. ಮಂದ ಕೆಲಸ, ಆದರೆ ಇದನ್ನು ಬಿಟ್ಟವರು ಕ್ಲಚ್ ಕೆಟ್ಟದ್ದು ಎಂದು ಜೀವಮಾನವೆಲ್ಲ ಬೈಯುತ್ತಾರೆ.

ಪುಶ್‌ರಾಡ್ ಹೊಂದಿಸುವಾಗ ಮೊದಲು ಹ್ಯಾಂಡಲ್ ಹತ್ತಿರ ಕೇಬಲ್ ಪೂರ್ತಿ ಸಡಿಲಿಸಿ. ಪ್ರೆಶರ್ ಪ್ಲೇಟಿನ ನಡುವಿನ ಸ್ಕ್ರೂ ರಾಡಿಗೆ ತಗುಲುವವರೆಗೆ ಒಳಗೆ ತಿರುಗಿಸಿ, ಅರ್ಧ ಸುತ್ತು ಹಿಂದೆ ಬಂದು ಲಾಕ್‌ನಟ್ ಬಿಗಿ ಮಾಡಿ. ಕೊನೆಗೆ ಕೇಬಲ್ಲಿನಲ್ಲಿ ಮೂರು ಮಿ.ಮೀ.ನಷ್ಟು ಸಡಿಲ ಬಿಡಿ.

ಇಷ್ಟಾದರೂ ಕಚ್ಚಿದರೆ ಸ್ಟೀಲ್ ಪ್ಲೇಟುಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು ಕೆಳಗೆ 0.1 ಮಿ.ಮೀ. ಫೀಲರ್ ಗೇಜ್ ತೂರುತ್ತದೆಯೇ ನೋಡಿ, ತೂರಿದ್ದನ್ನು ತೆಗೆದುಹಾಕಿ. ಕ್ಲಚ್ ಬಾಸ್ಕೆಟ್ಟಿನ ಸೀಳುಗಳಲ್ಲಿ ಪ್ಲೇಟಿನ ಕಿವಿ ಹೊಡೆದು ಮೆಟ್ಟಿಲು ಮೂಡಿದ್ದರೆ ಅರದಿಂದ ನೇರ ಮಾಡಿ. ಹಬ್ ಬೇರಿಂಗಿನಲ್ಲಿ 20 ರೋಲರುಗಳಿವೆ. ಅವುಗಳ ವ್ಯಾಸ 1/4 ಇಂಚು, ಉದ್ದ ಅದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 6 ಮಿ.ಮೀ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 1/4 ಉದ್ದದ ರೋಲರ್ ಹಾಕಿದ್ದರೆ ಬಾಸ್ಕೆಟ್ ಹಬ್ಬಿಗೆ ಬಿಗಿದುಕೊಂಡು ಇದೇ ಲಕ್ಷಣ ತೋರಿಸುತ್ತದೆ. ಪ್ರೈಮರಿಗೆ ಇಂಜಿನ್ನಿನ ದಪ್ಪ ಆಯಿಲ್ ಹಾಕಿದ್ದರೂ ಅಷ್ಟೇ. ಎಸ್‌ಎಇ 20 ಸಾಕು.

ಪ್ರಶ್ನೆ: ಅದೇ ಬಾನವಿಲ್‌ಗೆ ಹೆದ್ದಾರಿಯಲ್ಲಿ ಇಂಜಿನ್ ಕಡಿಮೆ ಕಿರುಚುವಂತೆ ಸ್ಪ್ರಾಕೆಟ್ ಬದಲಿಸಬಹುದೇ?

ಬದಲಿಸಬಹುದು, ಲೆಕ್ಕ ನೋಡಿ ನಿರ್ಧರಿಸಿ. ಪ್ರೈಮರಿ 29ಕ್ಕೆ 58, ಅಂದರೆ ಎರಡು ಪಟ್ಟು. ಗೇರ್‌ಬಾಕ್ಸಿನಲ್ಲಿ 19, ಹಿಂದೆ 46 ಹಲ್ಲು ಇದ್ದರೆ ಟಾಪ್ ಗೇರ್ ಅನುಪಾತ 4.84. ಗೇರ್‌ಬಾಕ್ಸಿಗೆ 20 ಹಾಕಿದರೆ 4.60, 21 ಹಾಕಿದರೆ 4.38. ಹಿಂಚಕ್ರ ಒಂದು ಸುತ್ತಿಗೆ ಎರಡು ಮೀಟರ್ ಹೋಗುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಇಂಜಿನ್ ಸುಮಾರು 3230ರ ಬದಲು 3070 ಅಥವಾ 2920 ಸುತ್ತು ತಿರುಗುತ್ತದೆ. ಆದರೆ ಫಸ್ಟ್ ಗೇರ್ ಕೂಡ 11.8ರಿಂದ 21 ಹಲ್ಲಿಗೆ 10.7ಕ್ಕೆ ಇಳಿಯುತ್ತದೆ. ಇಬ್ಬರು ಕೂತು ಏರಿನಲ್ಲಿ ಹೊರಡುವಾಗ ಕ್ಲಚ್ ಉಜ್ಜಬೇಕಾಗುತ್ತದೆ. ಒಬ್ಬರೇ ಓಡಿಸುವವರಿಗೆ 20 ನಮ್ಮ ಆಯ್ಕೆ.

ಸ್ಪ್ರಾಕೆಟ್ ಕ್ಲಚ್ಚಿನ ಹಿಂದೆ, ಒಳಗಿನ ದುಂಡು ತಟ್ಟೆಯ ಆಚೆ ಇದೆ. ಹೇಗೂ ಅಲ್ಲಿಯವರೆಗೆ ಹೋದಮೇಲೆ ಹಿಂದಿನ ಆಯಿಲ್ ಸೀಲ್, ಟ್ಯಾಬ್ ವಾಶರ್ ಎರಡನ್ನೂ ಬದಲಿಸಿಬಿಡಿ.

ಪ್ರಶ್ನೆ: ಬಿಎಸ್‌ಎ ಎ10, ಲೂಕಾಸ್ ಕೆ2ಎಫ್ ಮ್ಯಾಗ್ನೆಟೊ (ಬ್ಯಾಟರಿಯಿಲ್ಲದೆ ಸ್ಪಾರ್ಕ್ ಹುಟ್ಟಿಸುವ ಉಪಕರಣ). ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್. ಇಪ್ಪತ್ತು ಕಿ.ಮೀ. ಓಡಿ ನಿಲ್ಲಿಸಿದರೆ ಅರ್ಧ ಗಂಟೆ ಸ್ಟಾರ್ಟ್ ಆಗುವುದಿಲ್ಲ. ಕಾರ್ಬೊರೇಟರ್ ಮೂರು ಸಲ ತೊಳೆದಿದ್ದೇನೆ.

ಕಾರ್ಬೊರೇಟರನ್ನು ಇನ್ನು ಬಿಟ್ಟುಬಿಡಿ. ಇದು ಮ್ಯಾಗ್ನೆಟೊ ಆರ್ಮೇಚರಿನೊಳಗಿನ ಕಂಡೆನ್ಸರಿನ ಕೆಲಸ. ಹಳೆಯ ಕಂಡೆನ್ಸರ್ ಬಿಸಿಯಾದಾಗ ಕರೆಂಟ್ ಸೋರುತ್ತದೆ, ಪಾಯಿಂಟ್ ತೆರೆದರೂ ಸ್ಪಾರ್ಕ್ ಹುಟ್ಟುವುದಿಲ್ಲ. ಗಾಡಿ ನಿಂತ ತಕ್ಷಣ ಸ್ಪಾರ್ಕ್ ಪ್ಲಗ್ ಬಿಚ್ಚಿ, ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು ನೋಡಿ: ಬಿಸಿಯಲ್ಲಿ ಸ್ಪಾರ್ಕ್ ಇಲ್ಲ, ತಣ್ಣಗಾದ ಮೇಲೆ ಇದೆ ಎಂದಾದರೆ ಖಚಿತ.

ಅದಕ್ಕೂ ಮುನ್ನ ಸುಲಭದ್ದನ್ನು ಮುಗಿಸಿ. ಪಾಯಿಂಟ್ ಗ್ಯಾಪ್ 0.012 ಇಂಚು, 0.3 ಮಿ.ಮೀ. ಇರಲಿ. ಪಿಕಪ್‌ಗಳನ್ನು ತೆಗೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ತೂತಿನೊಳಗಿಟ್ಟು ಇಂಜಿನ್ ತಿರುಗಿಸಿ ಸ್ಲಿಪ್‌ರಿಂಗ್ ಒರೆಸಿ. ಕಾರ್ಬನ್ ಬ್ರಶ್ ಸಲೀಸಾಗಿ ಒಳಹೊರಗೆ ಆಡಬೇಕು.

ಆರ್ಮೇಚರ್ ಹೊರತೆಗೆಯುವಾಗ ಎರಡೂ ಪಿಕಪ್ ಹಾಗೂ ಬಾಡಿಯ ಪಕ್ಕದಲ್ಲಿರುವ ಅರ್ತ್ ಬ್ರಶ್ ಸ್ಕ್ರೂ ಮೊದಲೇ ಬಿಚ್ಚಿರಬೇಕು. ಇಲ್ಲದಿದ್ದರೆ ಬೇಕಲೈಟಿನ ಸ್ಲಿಪ್‌ರಿಂಗ್ ಚೂರಾಗುತ್ತದೆ. ಹೊಸ ಕಂಡೆನ್ಸರ್ 0.15ರಿಂದ 0.2 ಮೈಕ್ರೊಫ್ಯಾರಡ್ ಒಳಗಿನದು, ಈ ಕೆಲಸಕ್ಕೆ ತಕ್ಕ ವೋಲ್ಟೇಜ್ ತಾಳುವಂಥದ್ದು ಆಗಬೇಕು. ಬಿಚ್ಚಿದಾಗ ವೈಂಡಿಂಗ್ ಮೇಲಿನ ಅರಗು ಜಿಗುಟಾಗಿ ಬಾಡಿಗೆ ಅಂಟಿಕೊಂಡಿದ್ದರೆ ಬರೀ ಕಂಡೆನ್ಸರಿಗೆ ದುಡ್ಡು ಸುರಿಯಬೇಡಿ, ರೀವೈಂಡ್ ಮಾಡಿಸಿ, ಜೊತೆಗೇ ಮ್ಯಾಗ್ನೆಟ್ ಚಾರ್ಜ್ ಮಾಡಿಸಿ. ಮತ್ತೆ ಕೂರಿಸಿ ಟೈಮಿಂಗ್ ಇಡುವಾಗ ಆಟೋ ಅಡ್ವಾನ್ಸ್ ಇದ್ದರೆ ಅದನ್ನು ಪೂರ್ತಿ ಅಡ್ವಾನ್ಸಿನಲ್ಲಿ ಬೆಣೆ ಕೊಟ್ಟು ಹಿಡಿಯಿರಿ, ಆಮೇಲೆ ಬೆಣೆ ತೆಗೆಯಿರಿ.

ಪ್ರಶ್ನೆ: ಟ್ರಯಂಫ್ ಪುಶ್‌ರಾಡ್ ಟ್ಯೂಬಿನ ಬುಡದಲ್ಲಿ ಆಯಿಲ್ ಸೋರುವುದು ನಿಲ್ಲುತ್ತಿಲ್ಲ. ಸೀಲಂಟ್ ಬಳಿದೂ ಆಯಿತು.

ಸೀಲಂಟಿನಿಂದ ನಿಲ್ಲುವುದಿಲ್ಲ, ರಬ್ಬರ್ ಸೀಲ್ ಎಷ್ಟು ಅದುಮಿಕೊಳ್ಳುತ್ತದೆ ಎಂಬುದೇ ಮುಖ್ಯ. ಹೊಸ ಸೀಲು, ಟ್ಯೂಬು, ಹೆಡ್ ಗ್ಯಾಸ್ಕೆಟ್ ಎಲ್ಲ ಇಟ್ಟು, ಬೋಲ್ಟ್ ಹಾಕದೆ ಹೆಡ್ಡನ್ನು ಸುಮ್ಮನೆ ಮೇಲೆ ಕೂರಿಸಿ. ಟ್ಯೂಬಿನ ಮೇಲೆ ನಿಂತ ಹೆಡ್ಡಿಗೂ ಗ್ಯಾಸ್ಕೆಟ್ಟಿಗೂ ನಡುವೆ 0.030ರಿಂದ 0.040 ಇಂಚು, ಅಂದರೆ 0.75ರಿಂದ 1 ಮಿ.ಮೀ. ಸಂದು ಉಳಿಯಬೇಕು. ಅದಕ್ಕಿಂತ ಕಡಿಮೆಯಿದ್ದರೆ ಸೀಲ್ ಹಿಡಿಯುವುದಿಲ್ಲ. ಹೆಚ್ಚಿದ್ದರೆ ಹೆಡ್ಡೇ ಗ್ಯಾಸ್ಕೆಟ್ಟಿನ ಮೇಲೆ ಸರಿಯಾಗಿ ಕೂರದೆ ಕಂಪ್ರೆಶನ್ ಸೋರುತ್ತದೆ. ಬೇರೆ ಬೇರೆ ದಪ್ಪದ ಸೀಲ್ ಸಿಗುತ್ತವೆ, ಅಳೆದು ಆರಿಸಿ. ತಾಮ್ರದ ಗ್ಯಾಸ್ಕೆಟ್ ಹಳೆಯದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ ಬಳಸಬಹುದು.

ಪ್ರಶ್ನೆ: ಬಿಎಸ್‌ಎ ಎ65ರ ಟೈಮಿಂಗ್ ಬದಿಯ ಬುಷ್ ಬದಲು ರೋಲರ್ ಬೇರಿಂಗ್ ಹಾಕಿಸುವುದು ಅಗತ್ಯವೇ?

ಗಾಡಿ ಹೇಗೆ ಓಡಿಸುತ್ತೀರಿ ಎಂಬುದರ ಮೇಲಿದೆ. ಆ ಬುಷ್‌ಗೆ ಎರಡು ಜವಾಬ್ದಾರಿ: ಕ್ರ್ಯಾಂಕಿನ ಭಾರ ಹೊರಬೇಕು, ಬಿಗ್‌ಎಂಡುಗಳಿಗೆ ಆಯಿಲ್ ದಾಟಿಸಬೇಕು. ಬುಷ್ ಸವೆದಂತೆ ಆಯಿಲ್ ಪಕ್ಕದಿಂದ ಸೋರಿ, ಕೊನೆಯಲ್ಲಿರುವ ಪ್ರೈಮರಿ ಬದಿಯ ಬಿಗ್‌ಎಂಡಿಗೆ ಸಾಲದಾಗುತ್ತದೆ. ರಾಡ್ ಕ್ರ್ಯಾಂಕ್‌ಕೇಸ್ ತೂತು ಮಾಡಿ ಹೊರಬರುವುದು ಆ ಕಡೆಯೇ. ರೋಲರ್ ಹಾಕಿ, ಕ್ರ್ಯಾಂಕಿನ ತುದಿಯಿಂದ ನೇರ ಆಯಿಲ್ ಕೊಡುವ ಮಾರ್ಪಾಡು ಈ ಎರಡು ಕೆಲಸಗಳನ್ನು ಬೇರೆ ಮಾಡುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ದೂರ ಓಡಿಸುವವರಿಗೆ ಅದು ಒಳ್ಳೆಯದೇ.

ನಿಧಾನ ಓಡಿಸುವವರಿಗೆ ಮೂಲ ಬುಷ್ಷೇ ಸಾಕು, ಸರಿಯಾಗಿ ಹಾಕಿದರೆ. ಸರಿಯಾಗಿ ಎಂದರೆ ಎರಡೂ ಕ್ರ್ಯಾಂಕ್‌ಕೇಸ್ ಜೋಡಿಸಿ, ಪ್ರೈಮರಿ ಬದಿಯ ಬೇರಿಂಗ್ ಗೂಡನ್ನು ಆಧಾರ ಮಾಡಿಕೊಂಡು ಒಂದೇ ನೇರದಲ್ಲಿ ರೀಮ್ ಮಾಡುವುದು. ಬುಷ್ಷನ್ನು ಬಿಡಿಯಾಗಿ ಲೇತ್‌ನಲ್ಲಿ ಕೊರೆದು ಒತ್ತಿ ಕೂರಿಸಿ ಕೊಟ್ಟರೆ ಒಪ್ಪಬೇಡಿ.

ಪ್ರಶ್ನೆ: ಟ್ರಯಂಫ್‌ಗೆ ಪ್ರೈಮರಿ ಚೈನ್ ತೆಗೆದು ಬೆಲ್ಟ್ ಹಾಕಿದರೆ ಕ್ಲಚ್ ಕಚ್ಚುವುದು ಹೋಗುತ್ತದೆಯೇ?

ಕ್ಲಚ್ ಒಣಗಿದ್ದಾಗ ಪ್ಲೇಟುಗಳು ಚೆನ್ನಾಗಿ ಬಿಡುತ್ತವೆ ನಿಜ. ಆದರೆ ಗಾಡಿ ಯಾವ ಇಸವಿಯದ್ದು ಎಂದು ನೋಡಿ. 1970ರಿಂದ ಈಚಿನ 650ರಲ್ಲಿ ಇಂಜಿನ್ ಉಸಿರಾಡುವುದೇ ಪ್ರೈಮರಿ ಕೇಸಿನ ಮೂಲಕ. ಆ ಬದಿಯ ಮೇನ್ ಬೇರಿಂಗಿಗೆ ಸೀಲ್ ಇಲ್ಲ, ಆಯಿಲ್ ಮಂಜು ಒಳಗೆ ಬರುತ್ತಲೇ ಇರುತ್ತದೆ. ಅಲ್ಲಿ ಒಣ ಬೆಲ್ಟ್ ಓಡಿಸಬೇಕಾದರೆ ಕ್ರ್ಯಾಂಕಿಗೆ ಸೀಲ್ ಹಾಕಿ, ಕೇಸಿನ ತೂತುಗಳನ್ನು ಮುಚ್ಚಿ, ಬ್ರೀದರ್ ಬೇರೆ ಕಡೆಯಿಂದ ತೆಗೆಯಬೇಕು. ಅದಕ್ಕಿಂತ ಹಳೆಯದರಲ್ಲಿ ಬ್ರೀದರ್ ಇನ್‌ಲೆಟ್ ಕ್ಯಾಮ್‌ಶಾಫ್ಟಿನ ತುದಿಯಲ್ಲಿರುವುದರಿಂದ ಈ ತೊಂದರೆ ಇಲ್ಲ. ಒಣ ಕೇಸಿನಲ್ಲಿ ಆಲ್ಟರ್ನೇಟರಿಗೂ ಬೆಲ್ಟಿಗೂ ಬಿಸಿ ಹೆಚ್ಚಾಗುತ್ತದೆ, ಗಾಳಿಯಾಡಲು ತೂತು ಬೇಕು. ಬೆಲ್ಟ್ ಬಿಸಿಗೆ ಬಿಗಿಯಾಗುತ್ತದೆ, ತಣ್ಣಗಿದ್ದಾಗ ಚೈನಿನಷ್ಟೇ ಬಿಗಿ ಇಟ್ಟರೆ ಬಿಸಿಯಲ್ಲಿ ಮೇನ್‌ಶಾಫ್ಟ್ ಬೇರಿಂಗನ್ನು ಎಳೆಯುತ್ತದೆ.

ಪ್ರಶ್ನೆ: ಹಳೆಯ ಎನ್‌ಫೀಲ್ಡ್ 350 ಬುಲೆಟ್, ನಾಲ್ಕು ಗೇರಿನ ಆಲ್ಬಿಯನ್ ಬಾಕ್ಸ್. ಗೇರುಗಳ ನಡುವೆ ಸುಳ್ಳು ನ್ಯೂಟ್ರಲ್ ಸಿಗುತ್ತದೆ. ಗೇರ್ ಹಲ್ಲು ಹೋಗಿದೆಯೇ?

ಹಲ್ಲು ನೋಡುವ ಮೊದಲು ಹೊರ ಕವರಿನೊಳಗಿನ ಗೇರ್ ಹೊಂದಿಸುವ ಪ್ಲೇಟ್ ನೋಡಿ. ಅದರ ತೂತುಗಳು ಉದ್ದಕ್ಕಿವೆ, ಬೋಲ್ಟು ಸಡಿಲಿಸಿದರೆ ಪ್ಲೇಟ್ ಸರಿಯುತ್ತದೆ. ಲಿವರ್ ಮೇಲೆತ್ತಿದಾಗಲೂ ಒತ್ತಿದಾಗಲೂ ಗೇರ್ ಪೂರ್ತಿ ಕೂರುವ ಜಾಗದಲ್ಲಿ ಬೋಲ್ಟ್ ಬಿಗಿಯಿರಿ. ಗಾಡಿ ಸ್ಟ್ಯಾಂಡ್ ಮೇಲಿಟ್ಟು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತ ನಾಲ್ಕೂ ಗೇರು ಹಾಕಿ ನೋಡಿ. ಏರುವಾಗ ಚೆನ್ನಾಗಿ ಬಿದ್ದು ಇಳಿಯುವಾಗ ತಪ್ಪುತ್ತಿದ್ದರೆ ಪ್ಲೇಟ್ ಒಂದು ಕಡೆಗೆ ಹೆಚ್ಚು ಸರಿದಿದೆ, ಕೂದಲೆಳೆಯಷ್ಟು ವಾಪಸು ತನ್ನಿ. ಹೊಂದಿಸಿದ ಮೇಲೂ ಗೇರ್ ಪೂರ್ತಿ ಬಿದ್ದು, ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಹಾರಿ ಹೊರಬರುತ್ತಿದ್ದರೆ ಆಗ ಡಾಗ್‌ಗಳ (ಗೇರಿನ ಪಕ್ಕದ ಕಚ್ಚುಹಲ್ಲುಗಳ) ಅಂಚು ದುಂಡಗಾಗಿದೆ. ಬಾಕ್ಸ್ ಬಿಚ್ಚಿ, ಸವೆದ ಗೇರನ್ನು ಅದರ ಎದುರಿನ ಜೋಡಿಯ ಸಮೇತ ಬದಲಿಸಿ.